ಮೇಲ್ದವಡೆಯ ಹಲ್ಲು

ಶಾಲೆಯ ಪ್ರಾಜೆಕ್ಟನ್ನು ಮಕ್ಕಳೇ ಮಾಡುತ್ತಾರೆಂದು ನಂಬಿರುವವರು ಇನ್ನೂ ತಂದೆಯಾಗಿಲ್ಲವೆಂದೇ ಅರ್ಥ. ನನ್ನ ಮಗಳು ಚಿನ್ಮಯಿ ವಸ್ತುಪ್ರದರ್ಶನಕ್ಕೆ ಆನೆಯನ್ನೋ ಜ್ವಾಲಾಮುಖಿಯನ್ನೋ ಆರಿಸಿಕೊಳ್ಳಬಹುದಿತ್ತು. ಅವಳು ಆರಿಸಿದ್ದು ಜೈಗೋಫೈಸೀಟರ್. ಕೋಟಿಯಷ್ಟು ವರ್ಷಗಳ ಹಿಂದೆಯೇ ಅಳಿದುಹೋದ, ಈಗಿನ ಸ್ಪರ್ಮ್ ತಿಮಿಂಗಿಲದ ದೂರದ ನೆಂಟ. ಅದು ಜೀವನ್ ಬಿಮಾ ನಗರದ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಮತ್ತೆ ಹುಟ್ಟಬೇಕಾಗಿತ್ತು.

ಶಿವಾಜಿನಗರದಿಂದ ಥರ್ಮೋಕೋಲ್ ತಂದು, ಕೊರೆದು, ಬೂದು ಬಣ್ಣ ಬಳಿದು, ಕೆಳದವಡೆಗೆ ಹಲ್ಲು ಅಂಟಿಸಿ, ಹೆಮ್ಮೆಯಿಂದ ಮಗಳನ್ನು ಕರೆದೆ. ಅವಳು ಅಳುವುದೊಂದು ಬಾಕಿ.

"ಅಪ್ಪಾ, ಈಗಿನ ತಿಮಿಂಗಿಲ ಮಾಡ್ಬಿಟ್ಟಿದ್ದೀಯ! ಅದಕ್ಕೆ ಕೆಳಗಡೆ ಮಾತ್ರ ಹಲ್ಲು ಕಾಣೋದು. ಇದಕ್ಕೆ ಮೇಲೂ ಇತ್ತು!"

ಪಕ್ಕದಲ್ಲಿ ಕೂತಿದ್ದ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಕಲಬುರಗಿಯಿಂದ ನಮ್ಮಲ್ಲಿಗೆ ಬರುವ ಹೊತ್ತಿಗೆ ಅವಳ ಮೇಲಿನ ಹಲ್ಲೆಲ್ಲ ಉದುರಿದ್ದವು. ಕಟ್ಟಿಸಿದ ಸೆಟ್ಟು ಒತ್ತುತ್ತದೆಂದು ಡಬ್ಬಿ ಸೇರಿತ್ತು. ಆಮೇಲೆ ಪಕ್ಕದ ಮನೆಯವರು ಕರೆದರೂ ಅವಳು ಹೊಸಿಲು ದಾಟುತ್ತಿರಲಿಲ್ಲ.

"ಮೊದ್ಲ ನಂಗೂ ಹಂಗೇ ಇದ್ವವ್ವಾ," ಎಂದಳು ಮೊಮ್ಮಗಳಿಗೆ. "ಕಬ್ಬು ಹಲ್ಲಿಲೇ ಸುಲಿತಿದ್ದೆ. ನಿಮ್ಮ ಮುತ್ಯಾಗೂ ನಾನೇ ಸುಲಿದು ಕೊಡ್ತಿದ್ದೆ."

ನನಗೂ ನೆನಪಾಯಿತು. ಚರ್ರೆಂದು ಸಿಪ್ಪೆ ಕಿತ್ತುಬರುವ ಆ ಸದ್ದು. ಮೊದಲ ತುಂಡಿಗಾಗಿ ಅಪ್ಪನನ್ನೂ ತಳ್ಳಿ ಕೈಚಾಚುತ್ತಿದ್ದ ನಾವು ಮಕ್ಕಳು.

ಅವ್ವ ಎದ್ದು ಜೋಳದ ಹಿಟ್ಟು ನಾದಿದಳು. ಮೇಲ್ದವಡೆಗೆಂದು ಚೂಪಾದ ಹಲ್ಲುಗಳನ್ನು ಮಾಡಿ, ಹಂಚಿನ ಮೇಲೆ ಗಟ್ಟಿಯಾಗುವಂತೆ ಸುಟ್ಟಳು.

"ಏನಂದಿ ಇದರ ಹೆಸರು? ಜೈಗೋಪೈಸೆ?"

"ಫೈ, ಅಜ್ಜಿ! ಫೈಸೀಟರ್."

"ಫ ಅನ್ಲಿಕ್ಕ ಮ್ಯಾಲಿನ ಹಲ್ಲು ಬೇಕಲ್ಲಬೇ!"

ಪ್ರದರ್ಶನಕ್ಕೆ ಕರೆದಾಗ ಮಾತ್ರ ಮುದುಡಿದಳು. "ಈ ಬೊಚ್ಚ ಬಾಯಿ ತಗೊಂಡು ಎಲ್ಲಿಗಿ ಬರ್ಲಿ?"

"ಹಲ್ಲು ಮಾಡಿದ್ದು ನೀನು. ಬರ್ಲೇಬೇಕು," ಎಂದು ಚಿನ್ಮಯಿ ಕೈ ಹಿಡಿದು ಎಳೆದಳು.

ಇಂದಿರಾನಗರದ ಶಾಲೆಯಲ್ಲಿ ಟೀಚರು, "ಈಗಿನ ತಿಮಿಂಗಿಲಕ್ಕೂ ಇದಕ್ಕೂ ಏನಮ್ಮ ವ್ಯತ್ಯಾಸ?" ಎಂದರು. ಮನೆಯಲ್ಲಿ ಗಿಳಿಯಂತೆ ಒಪ್ಪಿಸುತ್ತಿದ್ದ ಮಗಳು ಗಾಬರಿಯಲ್ಲಿ ಮೂಕಳಾದಳು. ಕಣ್ಣು ತುಂಬಿಕೊಂಡಿತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಅವ್ವ ಮುಂದೆ ಬಂದಳು. ಸೆರಗು ಸರಿಸಿ, ಬಾಯಿ ದೊಡ್ಡದಾಗಿ ತೆರೆದು ತೋರಿಸಿದಳು.

"ಈಗಿಂದು ಹಿಂಗ ನೋಡ್ರಿ, ಟೀಚರ್ ಬಾಯಾರ. ಮೊದ್ಲಿಂದು ಹಂಗ!" ಎಂದು ಮೇಜಿನ ಮೇಲಿನ ತಿಮಿಂಗಿಲದತ್ತ ಕೈ ಮಾಡಿದಳು.

ಟೀಚರು ನಕ್ಕರು, ಸುತ್ತ ನಿಂತವರು ನಕ್ಕರು. ಎಲ್ಲರಿಗಿಂತ ಜೋರಾಗಿ ಅವ್ವನೇ ನಕ್ಕಳು, ಸೆರಗಿನ ಹಂಗಿಲ್ಲದೆ.

ಆಗ ತೆಗೆದ ಫೋಟೊ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ತಿಮಿಂಗಿಲ, ಮಗಳು, ಅವ್ವ, ಎಲ್ಲರದೂ ತೆರೆದ ಬಾಯಿ. ತುಟಿ ಬಿಗಿದು ನಿಂತವನು ನಾನೊಬ್ಬನೇ. ಮುಂದಿನ ಹಲ್ಲೊಂದು ಕಪ್ಪಾಗಿ ಬಹಳ ಕಾಲವಾಯಿತು. ಡಾಕ್ಟರ ಕುರ್ಚಿ ಎಂದರೆ ನನಗೆ ಭಯ.