ಬಂಗುಡೆ ಕುಡಿದ ಟೀಪಾಟು

"ಇವತ್ತಿನಿಂದ ಈ ಮನೆಯಲ್ಲಿ ಚಹಾ ಅಂದ್ರೆ ಗಡಿಬಿಡಿಯ ಕೆಲಸ ಅಲ್ಲ, ಇಗರ್ಜಿಯ ಪೂಜೆ ಇದ್ದ ಹಾಗೆ!"

ಕೊಲ್ಲಿನಾಡಿನ ಅಲ್ ನಹ್ದಾದ ಫ್ಲ್ಯಾಟಿನ ನಡುಮನೆಯಲ್ಲಿ ನಿಂತು ಲಿಯೊನೆಲ್ ಘೋಷಿಸಿಯೇಬಿಟ್ಟ. ಅವನ ಕೈಯಲ್ಲಿದ್ದದ್ದು ಅಂಗೈಯಗಲದ ಜಪಾನಿ ಟೀಪಾಟು. ಹೊಳಪಿನ ಲೇಪ ಗೀಪ ಏನೂ ಇಲ್ಲದ, ಬರೀ ಸುಟ್ಟ ಮಣ್ಣು. ಜೆಬೆಲ್ ಅಲಿಯ ಗೋದಾಮಿನಲ್ಲಿ ಅವನ ಮೇಲಧಿಕಾರಿಯಾದ ಒಕಾಬೆ ಸಾಹೇಬರು, ತಮ್ಮ ಅಕ್ಕ ಕೈಯಾರೆ ಮಾಡಿದ್ದೆಂದು ಕೊಟ್ಟ ಉಡುಗೊರೆ. ಸಾಹೇಬರು ಮುಂದಿನ ತಿಂಗಳು ಜಪಾನಿಗೆ ವಾಪಸ್. ಆ ಕುರ್ಚಿ ಯಾರಿಗೆಂದು ಹೇಳುವವರೂ ಅವರೇ. ಶನಿವಾರ ಅವರು ಲಿಯೊನೆಲ್ ಮನೆಗೆ ಚಹಾಕ್ಕೆ ಬರುವವರಿದ್ದರು. ಅಂದರೆ ಕುರ್ಚಿಗೂ ಅವನಿಗೂ ನಡುವೆ ಒಂದೇ ಒಂದು ಕಪ್ ಚಹಾ!

"ಬರೀ ಬಿಸಿನೀರಲ್ಲಿ ತೊಳೆದ್ರೆ ಸಾಕು ಅಂತ ಅವ್ರೇ ಹೇಳಿದ್ದಲ್ವಾ?" ಎಂದಳು ಹೆಂಡತಿ ಜೋಸ್ಫಿನ್.

"ಮಣ್ಣಿನ ಪಾತ್ರೆ ಪಳಗಿಸ್ಲಿಕ್ಕೆ ನನಗೆ ಜಪಾನಿನವ್ರು ಕಲಿಸ್ಬೇಕಾ ಮಾರಾಯ್ತಿ? ಹೊಸ ಅಳಗೆ ತಂದ್ರೆ ನಮ್ಮಮ್ಮ ಮೂರು ದಿನ ಪಳಗಿಸ್ತಿದ್ರು. ನೀನು ನೋಡ್ತಾ ಇರು!"

ಮೊದಲ ದಿನ ಕುದಿಯುವ ಗಂಜಿ ತಿಳಿ ತುಂಬಿಸಿಟ್ಟ. ಎರಡನೇ ದಿನ ಒಳಗೂ ಹೊರಗೂ ತೆಂಗಿನೆಣ್ಣೆಯ ಅಭ್ಯಂಜನ. ಮೂರನೇ ದಿನ, ಅಮ್ಮನ ಪದ್ಧತಿಯಂತೆಯೇ, ಬಂಗುಡೆ ಸಾರು! ರಾತ್ರಿಯಿಡೀ ತುಂಬಿಸಿಟ್ಟ.

"ಮೀನು ಸಾರು ಕುಡಿದ ಮೇಲೇ ಅಳಗೆಗೆ ಬುದ್ಧಿ ಬರೋದು."

"ಅಳಗೆಗೆ ಬರ್ತದೆ. ನಿಮಗೆ?"

ಶುಕ್ರವಾರ ಪರೀಕ್ಷೆಗೆಂದು ಹಸಿರು ಚಹಾ ಸುರಿದು ಮೂಗಿನ ಬಳಿ ತಂದ. ಬಂಗುಡೆ! ಗಾಬರಿಯಲ್ಲಿ ಲಿಂಬೆ ಪರಿಮಳದ ಸಾಬೂನು ಹಾಕಿ ಉಜ್ಜಿದ. ಮಣ್ಣು ಅದನ್ನೂ ಗಟಗಟ ಕುಡಿಯಿತು. ಈಗ ಲಿಂಬೆ ಹಿಂಡಿದ ಬಂಗುಡೆ! ಬಾಲ್ಕನಿಯ ಬಿಸಿಲಿಗಿಟ್ಟರೆ ಪಕ್ಕದ ಫ್ಲ್ಯಾಟಿನ ಮರಿಯಮ್ ಬೀವಿ ಬಾಗಿಲು ಬಡಿದು, "ಇವತ್ತು ಎಂತ ಸ್ಪೆಷಲ್?" ಎಂದು ಕೇಳಿದರು.

ಬೇರೆ ಪಾತ್ರೆ ಇಡುವಂತಿಲ್ಲ, ಅಕ್ಕನ ಟೀಪಾಟನ್ನು ಸಾಹೇಬರು ಕೇಳದೆ ಬಿಡುವವರಲ್ಲ. ಶನಿವಾರ ಅದರಲ್ಲೇ ಬಗ್ಗಿಸಿಕೊಟ್ಟ. ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಲಿಯೊನೆಲ್ ಕುರ್ಚಿಯ ಆಸೆ ಬಿಟ್ಟು ಸಂತ ಅಂತೋನಿಯನ್ನು ನೆನೆದ.

"ಮನೆಯಲ್ಲಿ ಅನ್ನ ಇದೆಯೇ?" ಎಂದು ಕೇಳಿದರು ಸಾಹೇಬರು.

ಜೋಸ್ಫಿನ್ ಕುಚ್ಚಲಕ್ಕಿ ಅನ್ನ ತಂದಿಟ್ಟಳು. ಸಾಹೇಬರು ಚಹಾವನ್ನು ಅನ್ನಕ್ಕೆ ಸುರಿದು ಊಟಕ್ಕೇ ಕೂತರು!

"ನಮ್ಮೂರಲ್ಲಿ ಅನ್ನದ ಮೇಲೆ ಮೀನಿಟ್ಟು ಚಹಾ ಸುರಿಯುತ್ತೇವೆ. ನಿಮ್ಮಲ್ಲಿ ಚಹಾದೊಳಗೇ ಮೀನು! ಅದ್ಭುತ! ಯಾರ ಕೈಗುಣ ಇದು?"

ಜೋಸ್ಫಿನ್ ಬಾಯಿ ತೆರೆಯುವ ಮೊದಲೇ ಲಿಯೊನೆಲ್ ಎದೆಯುಬ್ಬಿಸಿ ಎದ್ದ. "ನನ್ನದೇ ಸರ್! ಮೂರು ದಿನದ ಸಾಧನೆ! ಇವಳು ಕೈ ಕೂಡ ಹಾಕಿಲ್ಲ!"

ಸಾಹೇಬರು ಎರಡೂ ಕೈಗಳಿಂದ ಅವನ ಕೈ ಹಿಡಿದುಕೊಂಡರು. "ನನ್ನ ಕುರ್ಚಿಗೆ ಯಾರಾದರೂ ಸಿಗುತ್ತಾರೆ. ಆದರೆ ನಮ್ಮ ಕ್ಯಾಂಟೀನ್‌ಗೆ ಒಬ್ಬ ಒಳ್ಳೆಯ ಮೇಲ್ವಿಚಾರಕನಿಗಾಗಿ ವರ್ಷದಿಂದ ಹುಡುಕುತ್ತಿದ್ದೆ!"

ಸೋಮವಾರ ಬೆಳಿಗ್ಗೆ ಕಂಪನಿ ಬಸ್ಸಿನ ಹಾರ್ನ್ ಕೇಳಿದಾಗ ಜೋಸ್ಫಿನ್ ಬಾಗಿಲಲ್ಲಿ ಒಂದು ಬಿಳಿ ಟೊಪ್ಪಿ ಹಿಡಿದು ನಿಂತಿದ್ದಳು.

"ಯಲ್ಲಾ, ಬೇಗ ಹಾಕ್ಕೊಳ್ಳಿ ಮಾರಾಯ್ರೆ. ಸಾರಿಗೆ ಕೂದಲು ಬಿದ್ರೆ ಆ ಕೆಲಸವೂ ಖಲಾಸ್!"