ಜೇನುಹುಳದ ಮುಂದೆ ಕ್ಯಾಮೆರಾ

ಒಂದು ಕಡೆ ಸುಮ್ಮನೆ ನಿಲ್ಲುವುದು ನನ್ನಿಂದ ಆಗುವ ಕೆಲಸವಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕ್ಷೌರದಂಗಡಿಯಲ್ಲಿ ಕೂತರೆ ಅಂಗಡಿಯವನು ನನ್ನ ತಲೆಯನ್ನು ತೆಂಗಿನಕಾಯಿಯ ಹಾಗೆ ಎಡಗೈಯಲ್ಲಿ ಬಿಗಿಯಾಗಿ ಹಿಡಿದ ಮೇಲೆಯೇ ಕತ್ತರಿ ಎತ್ತುತ್ತಾನೆ. ನಮ್ಮ ಮದುವೆಯ ಫೋಟೋದಲ್ಲಿ ಎಲ್ಲರಿಗೂ ಮುಖವಿದೆ, ಮದುಮಗನಿಗೆ ಮಾತ್ರ ಬಾಸಿಂಗದ ಕೆಳಗೆ ಒಂದು ಮಬ್ಬು. ಮನೆಗೆ ಬಂದವರಿಗೆ ಅದನ್ನು ತೋರಿಸಿ ನನ್ನ ಹೆಂಡತಿ, "ಇವ್ರೇ ಅವ್ರು ಅಂತ ನಂಬೀನ್ರಿ" ಎನ್ನುತ್ತಾಳೆ. ಇಂಥವನ ಪಾಲಿಗೆ ಜೇನುಹುಳಗಳ ಮೇಲೆ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಿಸುವ ಕೆಲಸ ಬಿತ್ತು. ಬಿತ್ತು ಎನ್ನುವುದೂ ಸುಳ್ಳು. ನಾನೇ ಕೇಳಿ ಮೈಮೇಲೆ ಎಳೆದುಕೊಂಡಿದ್ದೆ.

ಆಗ ನಾನು ನರೋಣಾದಲ್ಲಿ ಕೃಷಿ ಸಹಾಯಕ. ಊರಿಗೊಂದು ಬಣ್ಣದ ಟಿವಿ ಬಂದು, ಮದುವೆಗಳಿಗೆ ಫೋಟೋದವರ ಬೆನ್ನಿಗೇ ವಿಡಿಯೋದವರೂ ಬರತೊಡಗಿದ್ದ ಕಾಲ. ಗುರುಬಸಮ್ಮ ಎಂಬ ಹಿರಿಯ ರೈತ ಹೆಂಗಸು ತಮ್ಮ ಸೂರ್ಯಕಾಂತಿ ಹೊಲದ ಬದುವಿನಲ್ಲಿ ಎರಡು ಜೇನುಪೆಟ್ಟಿಗೆ ಇಟ್ಟಿದ್ದರು. ಹಿಂದಿನ ವರ್ಷ, ಹೂವು ತುಂಬಿ ನಿಂತಿದ್ದ ಒಂದು ಬೆಳಿಗ್ಗೆ, ಪಕ್ಕದ ಹೊಲದ ಶರಣಪ್ಪ ತನ್ನ ಬೆಳೆಗೆ ಎಣ್ಣೆ ಹೊಡೆದಿದ್ದ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಳ ಮುಂದೆ ಹುಳಗಳು ಹೊಟ್ಟಿನ ಹಾಗೆ ಸುರಿದು ಬಿದ್ದಿದ್ದವು. ಗುಡಿಸಲು ಮನಸ್ಸಾಗದೆ ಗುರುಬಸಮ್ಮ ಅವನ್ನು ಕೈಯಿಂದಲೇ ಬಳಿದು ಸೆರಗಿಗೆ ಹಾಕಿಕೊಂಡರಂತೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಈ ವರ್ಷ ಪೆಟ್ಟಿಗೆಗಳು ಮತ್ತೆ ತುಂಬಿದ್ದವು, ಹೂವು ಬಿರಿಯತೊಡಗಿದ್ದವು, ಶರಣಪ್ಪ ಪಂಪು ರಿಪೇರಿ ಮಾಡಿಸಿಕೊಂಡು ಬಂದಿದ್ದ. ಹುಳ ಗೂಡು ಸೇರಿದ ಮೇಲೆ ಸಂಜೆ ಹೊಡಿ ಎಂದು ಮೂರು ಸಲ ಅವನ ಮನೆಯ ಕಟ್ಟೆಗೆ ಹೋಗಿ ಹೇಳಿದೆ.

"ಹುಳ ಸಾಯ್ಲಿ ಅಂತೇ ಎಣ್ಣಿ ಹೊಡಿಯೂದ್ರಿ, ಸಾಹೇಬ್ರ" ಎಂದ ಅವನು. "ಯಾವ ಹುಳ ಬಿಡ್ಬೇಕು, ಯಾವುದಕ್ಕ ಹೊಡೀಬೇಕು ಅಂತ ಪಂಪಿಗಿ ಹೆಂಗ ಹೇಳ್ಲಿ?"

ಮಾತಿಗೆ ಬಗ್ಗದವನು ಟಿವಿಗೆ ಬಗ್ಗಬಹುದೆಂದು ನನಗೆ ಹೊಳೆಯಿತು. ಮೇಲಿನ ಸಾಹೇಬರಿಗೆ ಪತ್ರ ಬರೆದೆ. ಒಪ್ಪಿಗೆ ಬರುವವರೆಗೆ ದಿನಕ್ಕೆ ಎರಡು ಸಲ ಅಂಚೆಯವನ ದಾರಿ ಕಾದೆ.

ಚಿತ್ರ ತೆಗೆಯಲು ಆಳಂದದಿಂದ ರಶೀದ್ ಬಂದ. ಮದುವೆಯ ವಿಡಿಯೋದಲ್ಲಿ ಪಳಗಿದವನು. ಭುಜದ ಮೇಲೆ ಟ್ರಂಕಿನಂಥ ಕ್ಯಾಮೆರಾ, ಅದಕ್ಕೆ ಅರ್ಧ ಗಂಟೆ ಬಾಳುವ ಒಂದೇ ಬ್ಯಾಟರಿ. ಹೂವಿನ ಮುಂದೆ ಮಂಡಿಯೂರಿ ಕೂತವನು ಸ್ವಲ್ಪ ಹೊತ್ತಿಗೆ ಎದ್ದು, "ದುಲ್ಹನ್‌ಗ ತಲಿ ಎತ್ತಮ್ಮಾ ಅಂದ್ರ ಎತ್ತತಾಳ್ರಿ ಸಾಬ್. ಇವು ಬರೇ ಬೆನ್ನ ತೋರಸಾಕತ್ತಾವ" ಎಂದ. ನನಗೆ ಬ್ಯಾಟರಿಯ ಚಿಂತೆ. ಈ ಸಾಲಿನಿಂದ ಆ ಸಾಲಿಗೆ ಓಡಾಡಿದೆ. ನನ್ನ ನೆರಳು ಹೂವಿನ ಮೇಲೆ ಬಿತ್ತು, ಹುಳ ಹಾರಿತು. ಇನ್ನೊಂದು ಹೂವಿನಲ್ಲಿ ಮೂರು ಕೂತಿವೆ ಬಾ ಎಂದು ಕೈ ಬೀಸಿ ಕರೆದೆ, ಮೂರೂ ಹಾರಿದವು.

ಗುರುಬಸಮ್ಮ ನೋಡುವಷ್ಟು ನೋಡಿ, "ಸಾಹೇಬ್ರ, ಹಂಗ ಗಾಳಿ ಹಾಕಬ್ಯಾಡ್ರಿ. ಒಂದೀಟು ಕುಂದರ್ರಿ. ನೀವು ಸುಮ್ಮಾದ್ರ ಅವೂ ಸುಮ್ಮಾಗ್ತಾವ" ಎಂದರು.

ಕೂತೆ. ರಶೀದ್ ಎಷ್ಟು ತೆಗೆದಿದ್ದಾನೋ ನೋಡೋಣವೆಂದು ಎದ್ದೆ. ಅಷ್ಟರಲ್ಲಿ ಗುರುಬಸಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದು, ಹುಳಗಳಿಂದ ತುಂಬಿದ ಒಂದು ಹುಟ್ಟನ್ನು ಬರಿಗೈಯಲ್ಲಿ ಎತ್ತಿ ಹಿಡಿದರು. ರಶೀದನ ಮುಖ ಅಂದು ಮೊದಲ ಸಲ ಅರಳಿತು. ನಾನು ರಾಣಿಹುಳವನ್ನು ಬೆರಳಿಟ್ಟು ತೋರಿಸಲು ನುಗ್ಗಿದೆ. ಒಂದು ಹುಳ ನನ್ನ ಕಿವಿಯ ಮೇಲೆ ಬಂದು ಕೂತಿತು. ಹುಳ ಕೂತಾಗ ಅಲುಗಾಡಬಾರದೆಂದು ಚಿತ್ರದ ನಿರೂಪಣೆಯಲ್ಲಿ ಬರೆದವನು ನಾನೇ. ನನ್ನ ಕೈ ಅದನ್ನು ಓದಿರಲಿಲ್ಲ. ಪಟ್ಟನೆ ಹೊಡೆದೆ.

ಆಮೇಲೆ ಓಡಿದ್ದು ನೆನಪಿದೆ, ದಾರಿ ನೆನಪಿಲ್ಲ. ಸೂರ್ಯಕಾಂತಿಯನ್ನು ಸೀಳಿಕೊಂಡು ಶರಣಪ್ಪನ ಹೊಲಕ್ಕೆ ನುಗ್ಗಿದ್ದೆ. ಪಂಪು ಹೊತ್ತು ನಿಂತಿದ್ದ ಅವನು ಅದನ್ನು ಕೆಳಗೆಸೆದು, ತನ್ನ ಕಂಬಳಿಯನ್ನು ನನ್ನ ಮೇಲೆ ಹಾಕಿ, ತಾನೂ ಅದರೊಳಗೆ ತೂರಿಕೊಂಡ. ಗುರುಬಸಮ್ಮ ಹೊಗೆ ಹಾಕಿ ಹುಳಗಳನ್ನು ಚದುರಿಸಿ ಕಂಬಳಿ ಎತ್ತುವ ಹೊತ್ತಿಗೆ ನನಗೆ ಒಂಬತ್ತು ಕಡೆ, ಅವನಿಗೆ ಮೂಗಿನ ತುದಿಗೆ ಒಂದು ಕಚ್ಚಿತ್ತು. ಅವರು ಮೊದಲು ಅವನ ಮುಂದೆ ಕೂತು ಉಗುರು ಚಾಚಿದರು.

"ಅಲ್ಲಾಡಬ್ಯಾಡ. ಮುಳ್ಳು ತೆಗೀತೇನಿ."

"ತೆಗೀರಿ ಅವ್ವಾ" ಎಂದ ಶರಣಪ್ಪ. ಒಂದು ವರ್ಷದ ಮೇಲೆ ಅವರ ನಡುವೆ ಆಡಿದ ಮೊದಲ ಮಾತು ಅದು. ನನ್ನ ಕಿವಿ ಹೋಳಿಗೆಯಂತೆ ಉಬ್ಬುತ್ತಿದ್ದರೂ ನಾನು ಕಂಬಳಿ ಹಿಡಿದು ಸ್ವಲ್ಪ ಹೊತ್ತು ಅಲ್ಲಾಡದೆ ಕೂತೆ.

ಬ್ಯಾಟರಿ ಸಾಯುವವರೆಗೂ ಕ್ಯಾಮೆರಾ ನಿಲ್ಲಿಸಬಾರದೆಂಬುದು ಮದುವೆಯವರ ಪದ್ಧತಿ. ರಶೀದ್ ಎಲ್ಲವನ್ನೂ ತೆಗೆದಿದ್ದ. ನನ್ನನ್ನು ಕತ್ತರಿಸಿ ಹಾಕು ಎಂದು ಬೇಡಿಕೊಂಡರೆ, "ನಿಮ್ಮನ್ನ ತೆಗದ್ರ ಎರಡೇ ಮಿನಿಟ್ ಉಳೀತದ ಸಾಬ್" ಎಂದ. ಭಾನುವಾರ ಶಾಲೆಯ ಕೋಣೆಯಲ್ಲಿ ಊರು ಸೇರಿತು. "ಜೇನುಹುಳ ಸಾಧು ಜೀವಿ, ಶಾಂತವಾಗಿ ಇರುವವರಿಗೆ ಅದು ಏನೂ ಮಾಡುವುದಿಲ್ಲ" ಎಂದು ನನ್ನ ಗಂಭೀರ ಧ್ವನಿ ಹೇಳುತ್ತಿದ್ದಂತೆ, ಪರದೆಯ ಮೇಲೆ ನಾನು ಧೋತರ ಎತ್ತಿಕೊಂಡು ಓಡುತ್ತಿದ್ದೆ. ಜನ ಬೆಂಚು ಬಡಿದು ನಕ್ಕರು, ಇನ್ನೊಮ್ಮೆ ಹಾಕಿಸಿದರು. ನಗು ಇಳಿದ ಮೇಲೆ ಶರಣಪ್ಪ ಎದ್ದು ನಿಂತ. "ಸಾಹೇಬ್ರ, ಇನ್ನ ಮುಂಜಾನಿ ಎಣ್ಣಿ ಹೊಡಿಯಂಗಿಲ್ಲ. ಅವು ಮನಿ ಸೇರಿದ ಮ್ಯಾಲೇ ನಾ ಹೊಲಕ್ಕ ಹೋಗ್ತೇನಿ" ಎಂದ. ಹೊಲ ಇದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಆ ವರ್ಷ ಪೆಟ್ಟಿಗೆಗಳ ಮುಂದೆ ಹುಳ ಸುರಿಯಲಿಲ್ಲ. ಗುರುಬಸಮ್ಮ ಜೇನು ಇಳಿಸಿದಾಗ ಮೊದಲ ಬಾಟಲಿ ಹೋದದ್ದು ಶರಣಪ್ಪನ ಮನೆಗೆ.

ಸ್ವಲ್ಪ ದಿನಕ್ಕೆ ಮೇಲಿನಿಂದ ಒಂದು ನಮೂನೆ ಬಂತು. ಚಿತ್ರದ ಯಾವ ಭಾಗ ರೈತರ ಮೇಲೆ ಹೆಚ್ಚು ಪರಿಣಾಮ ಬೀರಿತು ಎಂಬ ಪ್ರಶ್ನೆ. ಎರಡು ದಿನ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿ, ಕೊನೆಗೆ "ವೈಜ್ಞಾನಿಕ ನಿರೂಪಣೆ" ಎಂದು ಬರೆದು ಕಳಿಸಿದೆ. ಸಾಹೇಬರು ಕ್ಯಾಸೆಟ್ಟು ತರಿಸಿ ನೋಡಿಯಾಗಿತ್ತೆಂದು ನನಗೆ ಗೊತ್ತಿರಲಿಲ್ಲ. ಅಫಜಲಪುರ, ಜೇವರ್ಗಿಗಳಲ್ಲೂ ಚಿತ್ರ ತೋರಿಸಬೇಕೆಂದು ಆದೇಶ ಬಂತು. ಅದರ ಕೆಳಗೆ ಅವರದೇ ಕೈಬರಹದಲ್ಲಿ ಒಂದು ಸಾಲು: "ತಾವೂ ಖುದ್ದಾಗಿ ಹಾಜರಿರತಕ್ಕದ್ದು. ಓಡಿದವರು ಇವರೇ ಎಂದು ಜನರಿಗೆ ನಂಬಿಕೆ ಬರಬೇಕು."