ಬರಿಗಾಲಿನ ಪಂದ್ಯ

ಲೆಂಪಿ: ಎಷ್ಟು ಒತ್ತಿದ್ರೂ ಏನೂ ಆಗ್ಲಿಲ್ಲ ಅಂತೀನಿ! ಚರ್ಚಿನಿಂದ ಮನೆವರೆಗೂ ಒತ್ತಿದ್ದೇ ಒತ್ತಿದ್ದು.

ಆರ್ವೊ: (ಹಿಗ್ಗಿ) ಏನೂ ಆಗಬಾರದು ಕಣೇ, ಅದೇ ಅದರ ಮಜಾ. ಮೆಲ್ಲಗೆ ಒತ್ತು, ಬಿಡು, ಮತ್ತೆ ಒತ್ತು.

ಲೆಂಪಿ: ನಾನಷ್ಟೇ ಅಲ್ಲ, ಅಮ್ಮನೂ ಒತ್ತಿ ನೋಡಿದಳು.

ಆರ್ವೊ: ಅತ್ತೇನಾ? ಪಕ್ಕದ ಸೀಟಲ್ಲಿ ಕೂತ್ಕೊಂಡು?

ಲೆಂಪಿ: ಅವಳ ಕಡೆಗೂ ಒಂದಿದೆಯಲ್ಲ!

ಆರ್ವೊ ಕಾಫಿ ಲೋಟ ಕೆಳಗಿಟ್ಟ. ಕಿಟಕಿಯಾಚೆ ಸರೋವರ ಹೆಪ್ಪುಗಟ್ಟಿ ಬೆಳ್ಳಗೆ ಮಲಗಿತ್ತು. ಮಧ್ಯಾಹ್ನ ಅದರ ಮೇಲೆ ಕಾರಿನ ಪಂದ್ಯ. ಬ್ರೇಕ್ ತುಳಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್, ತಿರುವಿನಲ್ಲಿ ಚಕ್ರ ಜಾರದಂತೆ ನೋಡಿಕೊಳ್ಳುವ ಯಂತ್ರ ಎರಡನ್ನೂ ಬಂದ್ ಮಾಡಿ, ಕಾಲೊಂದನ್ನೇ ನಂಬಿ ಓಡಿಸಬೇಕು. ಮಿಶಿಗನ್ನಿನ ಆ ಉತ್ತರದ ತುದಿಯಲ್ಲಿ ಅದಕ್ಕೆ ಬರಿಗಾಲಿನ ಪಂದ್ಯವೆಂದೇ ಹೆಸರು. ಲೆಂಪಿಯ ತಮ್ಮ ಓನ್ನಿಯನ್ನು ಸೋಲಿಸಿಯೇ ತೀರುತ್ತೇನೆಂದು ಆರ್ವೊ ಇಡೀ ಚರ್ಚಿನೆದುರು ಹೇಳಿಬಿಟ್ಟಿದ್ದ. ನಿನ್ನೆ ಹೆಂಡತಿಗೆ ತಿಳಿಸದೆ ಅವಳ ಕಾರಿನ ಫ್ಯೂಸ್ ಕಿತ್ತು, ಅಭ್ಯಾಸವನ್ನೂ ಮುಗಿಸಿ ಬಂದಿದ್ದ.

ಆರ್ವೊ: (ಮೆತ್ತಗೆ) ತಿರುವಲ್ಲಿ ಹಿಡಿತ ಬಿಡ್ತಾ?

ಲೆಂಪಿ: ಬಿಡೋದೆಲ್ಲಿ ಬಂತು? ಇನ್ನೂ ಹಿಡ್ಕೊಂಡೇ ಇದೆ.

ಆರ್ವೊ: ಏನು, ಚಕ್ರಾನಾ?

ಲೆಂಪಿ: ಅಮ್ಮನ ಸೊಂಟ! ಮಂಜುಗಡ್ಡೆ ಮೇಲೆ ಕೂರಿಸಿ ಕರ್ಕೊಂಡು ಬಂದೆ ಅಂತ ಬೈತಾ ಸೌನಾದ ಹಬೆಗೆ ಹೋಗಿ ಕೂತಿದಾಳೆ. ಸೀಟು ಬಿಸಿ ಮಾಡೋ ಗುಂಡಿ ಒತ್ತಿದ್ರೆ ದೀಪಾನೇ ಬರಲ್ಲ.

ಆರ್ವೊ: ಸೀಟಾ? ನೀನು ಬ್ರೇಕಿನ ವಿಷಯ ಹೇಳ್ತಿಲ್ವಾ?

ಲೆಂಪಿ: ಬ್ರೇಕಿಗೇನಾಗಿದೆ?

ಆರ್ವೊ ಗೋಡೆ ನೋಡಿದ.

ಲೆಂಪಿ: ಆರ್ವೊ, ಬ್ರೇಕಿಗೇನು ಮಾಡಿದೆ?

ಅವನು ಜೇಬಿನಿಂದ ಉಗುರಿನಷ್ಟಗಲದ ಫ್ಯೂಸ್ ತೆಗೆದು ಮೇಜಿನ ಮೇಲಿಟ್ಟ.

ಆರ್ವೊ: ಎಬಿಎಸ್ಸಿಂದು. ಇದೊಂದು ಕಿತ್ತರೆ ಎರಡೂ ಬಂದ್.

ಲೆಂಪಿ: ಕಿತ್ತಮೇಲೆ ಎಬಿಎಸ್ ಬಂದ್ ಆಯ್ತು ಅನ್ನೋ ಹಳದಿ ದೀಪ ಹತ್ತಿತಾ?

ಆರ್ವೊ: ಇಲ್ಲ. ಕಾರು ಮರುಮಾತಾಡದೆ ಒಪ್ಕೊಳ್ತು. ಆಮೇಲೆ ಬ್ರೇಕ್ ತುಳಿದರೆ ಕಾಲಡಿ ಗಡಗಡಗಡ! ಸರೋವರಾನೇ ನೇರ ನನ್ನ ಕಾಲಿನ ಜೊತೆ ಮಾತಾಡ್ತಿತ್ತು, ಲೆಂಪಿ.

ಲೆಂಪಿ: ಅದು ಸರೋವರ ಅಲ್ಲ ಮಾರಾಯ, ಎಬಿಎಸ್ಸು! ಕೆಲಸ ಮಾಡುವಾಗಲೇ ಅದು ಗಡಗಡ ಅನ್ನೋದು. ನೀನು ಕಿತ್ತಿರೋದು ನನ್ನ ಸೀಟಿನ ಫ್ಯೂಸು.

ಆರ್ವೊ: ಅಂದ್ರೆ ನಿನ್ನೆ ನಾನು ಓಡಿಸಿದ್ದು…

ಲೆಂಪಿ: ಯಂತ್ರ ಓಡಿಸ್ತು. ನೀನು ತಣ್ಣಗೆ ಕೂತಿದ್ದೆ.

ಆರ್ವೊ ಉಣ್ಣೆಯ ಟೋಪಿಯನ್ನು ಕಿವಿವರೆಗೂ ಎಳೆದುಕೊಂಡು ಅಂಗಳಕ್ಕಿಳಿದ. ಈ ಸಲ ಕನ್ನಡಕ ಹಾಕಿಕೊಂಡು ಸರಿಯಾದ ಫ್ಯೂಸನ್ನೇ ಕಿತ್ತ. ಹಳದಿ ದೀಪಗಳು ಹತ್ತಿದವು. ಕಾರು ಸ್ವಲ್ಪ ದೂರ ಓಡಿಸಿ ಬ್ರೇಕ್ ತುಳಿದ. ಕಾಲಡಿ ಏನೂ ಅಲುಗಲಿಲ್ಲ. ಕಾರು ಯಾವ ಆತುರವೂ ಇಲ್ಲದೆ, ನೆಂಟರ ಮನೆಗೆ ಹೊರಟಂತೆ, ನುಣ್ಣಗೆ ಜಾರುತ್ತ ಹೋಗಿ ಹಿಮದ ದಿಬ್ಬಕ್ಕೆ ಮೂತಿ ತೂರಿಸಿ ನಿಂತಿತು.

ಲೆಂಪಿ ಮೆಟ್ಟಿಲಿಳಿದು ಕಾರಿನ ಹತ್ತಿರ ಬಂದಳು. ಕಿಟಕಿಯ ಗಾಜು ನಿಧಾನವಾಗಿ ಇಳಿಯಿತು.

ಆರ್ವೊ: ಲೆಂಪಿ… ಓನ್ನಿಗೆ ಫೋನ್ ಮಾಡಿ ನನಗೆ ಜ್ವರ ಅಂತ ಹೇಳ್ತೀಯಾ?

ಲೆಂಪಿ: ಇಡೀ ಚರ್ಚಿಗೆ ಸಾರಿದ್ದೆಯಲ್ಲೋ?

ಆರ್ವೊ: ಅವರಿಗೂ ಹೇಳು.

ಲೆಂಪಿ ಒಳಗೆ ಹೋದಳು. ತಿರುಗಿ ಬಂದಾಗ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

ಲೆಂಪಿ: ನಾನು ಬಾಯಿ ತೆಗೆಯೋ ಮೊದಲೇ ಅವನೇ ನರಳಿದ. ಮೈಯೆಲ್ಲ ಕಾದ ಹಂಚಾಗಿದೆಯಂತೆ, ಇವತ್ತು ಬರೋಕಾಗಲ್ವಂತೆ.

ಆರ್ವೊ ಬಾಗಿಲು ದೂಡಿಕೊಂಡು ಮೊಣಕಾಲುದ್ದದ ಹಿಮದಲ್ಲಿ ಎದ್ದು ನಿಂತ.

ಆರ್ವೊ: ನೋಡಿದ್ಯಾ ಪುಕ್ಕಲನ್ನ! ಹೇಳು ಅವನಿಗೆ, ನಾನು ಸರೋವರದ ಮೇಲೆ ಕಾಯ್ತಿರ್ತೀನಿ ಅಂತ!

ಲೆಂಪಿ: ತಡ ಆಯ್ತು. ನಿನಗೂ ಜ್ವರ ಅಂದುಬಿಟ್ಟೆ. ಅಂದದ್ದೇ ತಡ, ಅವನ ಜ್ವರ ಇಳಿದುಹೋಯ್ತು. ಆಗಲೇ ಸರೋವರಕ್ಕೆ ಹೊರಟನಂತೆ.